ಶಾಲೆಯ ಫುಟ್‌ಬಾಲ್ ಸಾಲದು ಅನ್ನುವ ಮಗುವಿಗೆ ಯಾವ ತರಬೇತಿ?

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಶಾಲೆಯ ಗೇಟಿನ ಹತ್ತಿರ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಮಗ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಫುಟ್‌ಬಾಲ್ ಆಡ್ತಾನೆ. ಸಾಲಲ್ಲ ಅಂತಾನೆ. ಎಲ್ಲಿಗೆ ಸೇರಿಸೋಣ?" ಕೇಳುವವರ ಫೋನಿನಲ್ಲಿ ಆಗಲೇ ಮೂರು ನಾಲ್ಕು ಪಾಂಪ್ಲೆಟ್ ಫೋಟೋ ಇರುತ್ತವೆ. ಒಂದು ದೊಡ್ಡ ಕ್ಲಬ್ಬಿನದು, ಒಂದು ಮನೆ ಪಕ್ಕದ ಪ್ಲಾಸ್ಟಿಕ್ ಹುಲ್ಲಿನ ಟರ್ಫಿನದು, ಇನ್ನೊಂದು ಮನೆಗೇ ಬಂದು ಹೇಳಿಕೊಡುತ್ತೇನೆ ಅನ್ನುವ ಕೋಚ್‌ದು.

ನನ್ನ ಮಗನಿಗೆ ಈಗ 13. ಏಳನೇ ವಯಸ್ಸಿನಿಂದ ಆಡುತ್ತಿದ್ದಾನೆ. ಈ ಆರು ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲ ಬಗೆಯ ತರಬೇತಿಯನ್ನೂ ನೋಡಿದ್ದೇವೆ, ದುಡ್ಡನ್ನೂ ಕಳೆದುಕೊಂಡಿದ್ದೇವೆ. ನಾನೇನು ಆಟಗಾರ್ತಿ ಅಲ್ಲ. ಬೇಲಿ ಆಚೆ ಫ್ಲಾಸ್ಕು ಹಿಡಿದು ನಿಂತು ನೋಡಿದವಳು.

ಮೊದಲು ಒಂದು ಕೆಲಸ ಮಾಡಿ. ಮಗುವಿನ ಒಂದು ವಾರವನ್ನು ಹಾಳೆಯ ಮೇಲೆ ಬರೆಯಿರಿ. ಶಾಲೆಯ ಪಿಟಿ ಪೀರಿಯಡ್, ಶಾಲೆ ಬಿಟ್ಟ ಮೇಲಿನ ಪ್ರಾಕ್ಟೀಸು, ಕೆಳಗೆ ಪಾರ್ಕಿಂಗ್‌ನಲ್ಲಿ ಗೆಳೆಯರ ಜೊತೆ ಆಡುವುದು, ಟ್ಯೂಷನ್, ನಿದ್ದೆ, ಎಲ್ಲ. ಆಮೇಲೆ ಕೇಳಿಕೊಳ್ಳಿ: ಇದರಲ್ಲಿ ಇಲ್ಲದೇ ಇರುವುದು ಏನು? ಕಾಲಿಗೆ ಚೆಂಡು ಸಿಗುವ ಹೊತ್ತೇ ಕಮ್ಮಿಯಾ? ಪ್ರಾಕ್ಟೀಸು ಇದೆ, ಮ್ಯಾಚ್ ಇಲ್ಲವಾ? ತಪ್ಪು ತಿದ್ದುವವರು ಇಲ್ಲವಾ? ಅಥವಾ ಮಗುವಿಗೆ ಬೇಕಾಗಿರುವುದು ಜೊತೆಗೆ ಆಡುವ ಹುಡುಗರು ಅಷ್ಟೇನಾ? ಇರುವುದನ್ನೇ ಇನ್ನೊಂದು ಸಲ ಕೊಂಡುಕೊಳ್ಳುವ ತಂದೆ ತಾಯಿ ಬಹಳ ಜನ. ಶಾಲೆಯಲ್ಲೂ ಕೋನ್ ಸುತ್ತ ಓಟ, ಸಂಜೆ 3 ಸಾವಿರ ಕೊಟ್ಟು ಮತ್ತೆ ಕೋನ್ ಸುತ್ತ ಓಟ.

ಯಾವುದರ ಮೇಲೆ ತೂಗಬೇಕು?

ಬೆಂಗಳೂರಿನಲ್ಲಿ ನಾನು ಮೊದಲು ಇಡುವುದು ದಾರಿ. ಕೋಚ್ ಅಲ್ಲ, ಫೀಸೂ ಅಲ್ಲ. ಮಗನಿಗೆ ಒಂಬತ್ತು ವರ್ಷ ಇದ್ದಾಗ ಹೆಬ್ಬಾಳದ ಆಚೆ ಒಂದು ಹೆಸರುವಾಸಿ ಅಕಾಡೆಮಿಗೆ ಸೇರಿಸಿದೆವು. ನಾವಿರುವುದು ಬನಶಂಕರಿಯಲ್ಲಿ. ಹುಲ್ಲಿನ ಮೈದಾನ ಕಣ್ಣಿಗೆ ಹಬ್ಬ. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದೆವು. ಹೋಗುವಾಗ ಒಂದೂಕಾಲು ಗಂಟೆ, ಬರುವಾಗ ಅದಕ್ಕಿಂತ ಜಾಸ್ತಿ. ಚಪಾತಿ ರೋಲ್ ಕಾರಿನಲ್ಲಿ, ಹೋಮ್‌ವರ್ಕ್ ಕಾರಿನಲ್ಲಿ, ನಿದ್ದೆಯೂ ಕಾರಿನಲ್ಲಿ. ಒಂದು ದಿನ ಮೇಕ್ರಿ ಸರ್ಕಲ್ ಹತ್ತಿರ ಸಿಕ್ಕಿಕೊಂಡಾಗ ಹಿಂದಿನ ಸೀಟಿನಿಂದ ಹೇಳಿದ: "ಅಮ್ಮಾ, ಕಾರಲ್ಲಿ ಕೂತಷ್ಟು ಹೊತ್ತು ಗ್ರೌಂಡಲ್ಲಿ ಆಡೇ ಇಲ್ಲ ನಾನು." ಉಳಿದ ಫೀಸು ವಾಪಸ್ ಬರಲಿಲ್ಲ. ಅವತ್ತಿನಿಂದ ನಮ್ಮ ಲೆಕ್ಕ ಇದು: ಹೋಗಿ ಬರುವ ಹೊತ್ತು ಎರಡೂ ಸೇರಿ ಆಡುವ ಹೊತ್ತಿಗಿಂತ ಜಾಸ್ತಿ ಆಗಬಾರದು. ಮ್ಯಾಪಿನಲ್ಲಿ ನೋಡುವಾಗ ಭಾನುವಾರ ಬೆಳಿಗ್ಗೆ ನೋಡಬೇಡಿ. ಬುಧವಾರ ಸಂಜೆ ಐದೂವರೆಗೆ ನೋಡಿ.

ಎರಡನೆಯದು, ಚೆಂಡು ಎಷ್ಟು ಸಲ ಕಾಲಿಗೆ ಬರುತ್ತದೆ ಅನ್ನುವುದು. ಇದನ್ನು ಯಾರು ಬೇಕಾದರೂ ಎಣಿಸಬಹುದು. ಟ್ರಯಲ್ ಕ್ಲಾಸಿನ ದಿನ ಬೇಲಿ ಹತ್ತಿರ ನಿಂತು ಹತ್ತು ನಿಮಿಷ ಒಂದೇ ಮಗುವನ್ನು ನೋಡಿ. ನಿಮ್ಮ ಮಗುವೇ ಆಗಬೇಕಿಲ್ಲ. ಒಂದು ಕಡೆ ನಾನು ಎಣಿಸಿದಾಗ 22 ಮಕ್ಕಳು, ಆರು ಚೆಂಡು. ಹತ್ತು ನಿಮಿಷದಲ್ಲಿ ಆ ಹುಡುಗ ಚೆಂಡು ಮುಟ್ಟಿದ್ದು ಒಂಬತ್ತು ಸಲ. ಉಳಿದ ಹೊತ್ತು ಸಾಲಿನಲ್ಲಿ ನಿಂತು ಮುಂದಿನವನ ಶೂ ಲೇಸು ನೋಡುತ್ತಿದ್ದ. ಇನ್ನೊಂದು ಕಡೆ ಎಂಟು ಮಕ್ಕಳು, ಎಂಟು ಚೆಂಡು. ಅಲ್ಲಿ ಎಣಿಸುವುದನ್ನೇ ಬಿಟ್ಟೆ. ಚಿಕ್ಕ ಮಕ್ಕಳನ್ನು ನಾಲ್ಕು ನಾಲ್ಕು ಜನರ ತಂಡ ಮಾಡಿ ಚಿಕ್ಕ ಜಾಗದಲ್ಲಿ ಆಡಿಸುವುದು ಇದಕ್ಕೇ. ಹನ್ನೊಂದು ಜನರ ಆಟದಲ್ಲಿ ಎಂಟು ವರ್ಷದ ಮಗುವಿಗೆ ಓಟವೇ ಜಾಸ್ತಿ, ಆಟ ಕಮ್ಮಿ. ಚೆಂಡಿನ ಸೈಜನ್ನೂ ನೋಡಿ. ಸುಮಾರು ಎಂಟು ವರ್ಷದ ತನಕ 3, ಅಲ್ಲಿಂದ 12ರ ತನಕ 4, ಆಮೇಲೆ 5. ಏಳು ವರ್ಷದವರ ಕಾಲಿಗೆ 5ನೇ ಸೈಜ್ ಕೊಟ್ಟಿದ್ದರೆ ಆ ಜಾಗದಲ್ಲಿ ಬೇರೆ ವಿಷಯಗಳಲ್ಲೂ ಅಷ್ಟೇ ಗಮನ ಅಂದುಕೊಳ್ಳಿ.

ಮೂರನೆಯದು ಕೋಚ್. ನಮ್ಮ ದೇಶದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್, ಕೋಚ್‌ಗಳಿಗೆ ಲೈಸೆನ್ಸ್ ಕೋರ್ಸು ನಡೆಸುತ್ತದೆ. ಕೆಳಗಿನಿಂದ ಮೇಲಕ್ಕೆ ಡಿ, ಸಿ, ಬಿ, ಎ, ಆಮೇಲೆ ಪ್ರೊ. ಹತ್ತು ವರ್ಷದ ಮಗುವಿಗೆ ಎ ಲೈಸೆನ್ಸ್ ಕೋಚ್ ಬೇಕೇ ಬೇಕು ಅಂತೇನಿಲ್ಲ. ಮಕ್ಕಳನ್ನು ಕಂಡರೆ ಪ್ರೀತಿ ಇರುವ ಡಿ ಲೈಸೆನ್ಸ್ ಹುಡುಗನೋ ಹುಡುಗಿಯೋ ಸಾಕು. ಆದರೆ ಬೋರ್ಡಿನ ಮೇಲಿರುವ ಫೋಟೋ ಒಬ್ಬರದು, ಸಂಜೆ ಮೈದಾನಕ್ಕೆ ಬರುವವರು ಇನ್ನೊಬ್ಬರು ಆಗಿರುತ್ತಾರೆ. "ನನ್ನ ಮಗುವಿನ ಬ್ಯಾಚಿಗೆ ದಿನಾ ಬರೋರು ಯಾರು? ಅವರ ಲೈಸೆನ್ಸ್ ಯಾವುದು?" ಅಂತ ನೇರವಾಗಿ ಕೇಳಿ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಇನ್ನು ಮೈ. ಕ್ರೀಡಾ ವೈದ್ಯರು ಹೇಳುವ ಒಂದು ಸುಲಭ ಲೆಕ್ಕ ಇದೆ: ವಾರಕ್ಕೆ ಕೋಚಿಂಗ್, ಮ್ಯಾಚ್ ಎಲ್ಲ ಸೇರಿ ಎಷ್ಟು ಗಂಟೆ ಆಗುತ್ತದೋ ಅದು ಮಗುವಿನ ವಯಸ್ಸನ್ನು ದಾಟಬಾರದು. ಹತ್ತು ವರ್ಷದವರಿಗೆ ಹತ್ತು ಗಂಟೆ ಗಡಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ನೋವು, ಮೊಣಕಾಲ ಚಿಪ್ಪಿನ ಕೆಳಗೆ ನೋವು ಬರುವುದು ಬಹಳ ಸಾಮಾನ್ಯ. ಮೂಳೆ ಇನ್ನೂ ಬೆಳೆಯುತ್ತಿರುವ ಜಾಗವನ್ನು ಸ್ನಾಯು ಮತ್ತೆ ಮತ್ತೆ ಎಳೆಯುವುದರಿಂದ ಬರುವ ನೋವು ಅದು. "ಓಡಿದ್ರೆ ಸರಿ ಹೋಗುತ್ತೆ" ಅನ್ನುವ ಕೋಚ್ ನಮಗೂ ಒಬ್ಬರು ಸಿಕ್ಕಿದ್ದರು. ಸರಿ ಹೋಗಲಿಲ್ಲ. ಮೂಳೆ ಡಾಕ್ಟರು ಮೂರು ವಾರ ರೆಸ್ಟ್ ಬರೆದುಕೊಟ್ಟರು. ವಾರ್ಮ್‌ಅಪ್ ಹೇಗೆ ಮಾಡಿಸುತ್ತಾರೆ ಅನ್ನುವುದನ್ನೂ ಗಮನಿಸಿ. ಫಿಫಾದ '11+ ಕಿಡ್ಸ್' ಅನ್ನುವ ವ್ಯಾಯಾಮದ ಕ್ರಮ 7ರಿಂದ 13 ವರ್ಷದವರಿಗೆ ಅಂತಲೇ ಮಾಡಿದ್ದು. ಯುರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಖರ್ಚೇ ಇಲ್ಲ.

ದುಡ್ಡಿನ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ತಿಂಗಳ ಫೀಸು ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಗಂಟೆಗೆ ಎಷ್ಟು ಅಂತ ಭಾಗಿಸಿ. ಅದಕ್ಕೆ ಕಿಟ್, ರಿಜಿಸ್ಟ್ರೇಷನ್, ಟೂರ್ನಮೆಂಟ್ ಫೀಸು, ಪೆಟ್ರೋಲು ಅಥವಾ ಆಟೋ, ಎಲ್ಲ ಸೇರಿಸಿ.

ಮನೆ ಹತ್ತಿರದ ಟರ್ಫ್ ಕೋಚಿಂಗ್

ಈಗ ಯಾವ ಬಡಾವಣೆಗೆ ಹೋದರೂ ಬಲೆ ಕಟ್ಟಿದ ಹಸಿರು ಟರ್ಫ್ ಒಂದಿರುತ್ತದೆ. ಕೆಲವು ಕಟ್ಟಡದ ಟೆರೇಸಿನ ಮೇಲೂ ಇವೆ. ವಾರಕ್ಕೆ ಎರಡೋ ಮೂರೋ ದಿನ, ಸಂಜೆ ಒಂದು ಗಂಟೆ. ದೊಡ್ಡ ಲಾಭ ದಾರಿಯದು. ಮಗು ಸೈಕಲ್ ತುಳಿದುಕೊಂಡೇ ಹೋಗಿ ಬರಬಹುದು. ಆರರಿಂದ ಹತ್ತು ವರ್ಷದವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ, ಎಣಿಸಿ ನೋಡಿದ ಮೇಲೆ.

ತೊಂದರೆಯೂ ಇದೆ. ಟರ್ಫ್ ಯಜಮಾನರಿಗೆ ರಾತ್ರಿ ಏಳರ ಮೇಲೆ ಆಫೀಸಿನವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಜಾಸ್ತಿ ದುಡ್ಡು. ಹಾಗಾಗಿ ಮಕ್ಕಳ ಬ್ಯಾಚಿನ ಹೊತ್ತನ್ನು ಆಗಾಗ ಅತ್ತ ಇತ್ತ ತಳ್ಳುತ್ತಾರೆ. ವಯಸ್ಸು ಬೇರೆ ಬೇರೆ ಇರುವ ಮಕ್ಕಳನ್ನು ಒಂದೇ ಬ್ಯಾಚಿಗೆ ಹಾಕುವುದೂ ಉಂಟು. ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲು ನಿಜವಾದ ಹುಲ್ಲಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಮಧ್ಯಾಹ್ನ ಮೂರರ ಬ್ಯಾಚ್ ಬೇಡವೇ ಬೇಡ. ಜಾರಿ ಬಿದ್ದರೆ ಮೊಣಕೈ ತರಚುತ್ತದೆ. ಉದ್ದ ಸ್ಟಡ್ಸ್ ಇರುವ ಶೂಸ್ ತಗೊಂಡು ಪಶ್ಚಾತ್ತಾಪ ಪಡಬೇಡಿ. ಟರ್ಫಿಗೆ ಅಂತಲೇ ಸಣ್ಣ ಸಣ್ಣ ರಬ್ಬರ್ ಗುಂಡಿಗಳ ಶೂಸ್ ಸಿಗುತ್ತವೆ, ಅದನ್ನು ಕೇಳಿ. ಒಂದು ಸೈಜ್ ದೊಡ್ಡದು ತಗೋಬೇಡಿ, ಬೊಬ್ಬೆ ಬರುತ್ತದೆ. ನಮ್ಮ ಅತ್ತೆ ಹೇಳಿದರು ಅಂತ ತಗೊಂಡು ನಾನು ಆ ಪಾಠ ಕಲಿತೆ.

ಕ್ಲಬ್ಬುಗಳ ಸಾಕರ್ ಸ್ಕೂಲ್

2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದ ಮೇಲೆ ಕಂಠೀರವದಲ್ಲಿ ನೀಲಿ ಜರ್ಸಿ ಹಾಕಿಕೊಂಡು ಸುನಿಲ್ ಛೆಟ್ರಿ ಹೆಸರು ಕೂಗಿ ಬಂದ ಮಕ್ಕಳ ಒಂದು ತಲೆಮಾರೇ ಇದೆ. ಆ ಜರ್ಸಿಯ ಸೆಳೆತ ಸಣ್ಣದಲ್ಲ. ಬಿಎಫ್‌ಸಿಯ ಸಾಕರ್ ಸ್ಕೂಲುಗಳಿವೆ, ಹಲಸೂರು ಕೆರೆ ಕಡೆ ಸೌತ್ ಯುನೈಟೆಡ್ ಇದೆ, ಇನ್ನೂ ಹಲವು ಕ್ಲಬ್ಬುಗಳಿವೆ. ಇಲ್ಲಿ ಸಿಗುವುದು ಕ್ರಮ. ವಯಸ್ಸಿಗೆ ತಕ್ಕ ಬ್ಯಾಚ್, ಪಾಠದ ಯೋಜನೆ, ಸಾಮಾನ್ಯವಾಗಿ ಲೈಸೆನ್ಸ್ ಇರುವ ಕೋಚ್, ಬೇರೆ ಸೆಂಟರುಗಳ ಜೊತೆ ಮ್ಯಾಚ್.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಫೀಸು ಕಟ್ಟಿ ಸೇರುವ ಸಾಕರ್ ಸ್ಕೂಲೇ ಬೇರೆ, ಕ್ಲಬ್ಬಿನ ಅಕಾಡೆಮಿ ತಂಡವೇ ಬೇರೆ. ತಂಡಕ್ಕೆ ಟ್ರಯಲ್ಸ್‌ನಲ್ಲಿ ಆರಿಸುತ್ತಾರೆ. ಜರ್ಸಿ ಎರಡೂ ಕಡೆ ಒಂದೇ ಬಣ್ಣ ಇರಬಹುದು. "ಕ್ಲಬ್ಬಿಗೆ ಸೆಲೆಕ್ಟ್ ಆಗಿದ್ದಾನೆ" ಅಂತ ನೆಂಟರಿಗೆ ಫೋನ್ ಮಾಡುವ ಮುಂಚೆ ಯಾವುದಕ್ಕೆ ಅಂತ ವಿಚಾರಿಸಿ. ಈ ಸ್ಕೂಲಿನಿಂದ ತಂಡಕ್ಕೆ ಮಕ್ಕಳನ್ನು ನೋಡಲು ಯಾರಾದರೂ ಬರುತ್ತಾರಾ, ವರ್ಷಕ್ಕೆ ಎಷ್ಟು ಸಲ ಅನ್ನುವುದನ್ನೂ ಕೇಳಿ.

ಮಗುವಿಗೆ ಹತ್ತು ಹನ್ನೊಂದು ದಾಟಿದ್ದು, ಆಟದ ಹುಚ್ಚು ತಾನಾಗೇ ಇದ್ದರೆ, ಸೆಂಟರು ಅರ್ಧ ಗಂಟೆ ಒಳಗಿದ್ದರೆ, ಕೊಡುವ ದುಡ್ಡಿಗೆ ಇದು ಸರಿ. ಇದು ಟರ್ಫ್ ಕೋಚಿಂಗ್‌ಗಿಂತ ದುಬಾರಿ ಇರುವುದೇ ಜಾಸ್ತಿ. ಏಳು ವರ್ಷದವರಿಗೆ ಆ ಹೆಚ್ಚಿನ ದುಡ್ಡಿನಲ್ಲಿ ಸಿಗುವುದು ಬಹುಪಾಲು ಜರ್ಸಿ.

ಮ್ಯಾಚ್ ಬೇಕಾದವರಿಗೆ

ನಮ್ಮ ಮನೆಯ ಹಾಳೆಯಲ್ಲಿ ಕೊನೆಗೆ ಕಂಡ ಕೊರತೆ ಇದೇ ಆಗಿತ್ತು. ಮಗ ಪ್ರಾಕ್ಟೀಸಿನಲ್ಲಿ ಚೆನ್ನಾಗಿ ಆಡುತ್ತಿದ್ದ, ಮ್ಯಾಚಿನಲ್ಲಿ ಕಲ್ಲಾಗಿ ನಿಂತುಬಿಡುತ್ತಿದ್ದ. ವರ್ಷಕ್ಕೆ ನಾಲ್ಕು ಮ್ಯಾಚ್ ಆಡಿದರೆ ಇನ್ನೇನಾಗುತ್ತದೆ?

ಇಂಥವರಿಗೆ ಚಿಕ್ಕ ಲೋಕಲ್ ಕ್ಲಬ್ಬುಗಳು ಒಳ್ಳೆಯದು. ಬೋರ್ಡಿಲ್ಲ, ಆಫೀಸಿಲ್ಲ, ಆದರೆ ವಯಸ್ಸಿನ ಲೆಕ್ಕದ ಲೀಗುಗಳಲ್ಲಿ ತಂಡ ಇಳಿಸುತ್ತಾರೆ. ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದೇ ಇಂಥ ಕಡೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಒಂದು ಸಲ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ದಂಡು ಪ್ರದೇಶದ ಹಳೆಯ ಮೈದಾನಗಳಲ್ಲಿ ಇವತ್ತಿಗೂ ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ಅಜ್ಜಂದಿರು ಗೆರೆ ಆಚೆ ನಿಂತು ಮೊಮ್ಮಕ್ಕಳಿಗೆ ಬೈದು ಆಡಿಸುತ್ತಿರುತ್ತಾರೆ. ಬೈಗುಳ ಸ್ವಲ್ಪ ಖಾರ. ಅದಕ್ಕೆ ತಯಾರಿದ್ದರೆ ಕಮ್ಮಿ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಕಲಿಕೆ ನಾನು ನೋಡಿಲ್ಲ. ಮೈದಾನ ಮಣ್ಣಿನದು, ಶೌಚಾಲಯ ಇರುವ ಗ್ಯಾರಂಟಿ ಇಲ್ಲ, ಕೂರಲು ಜಾಗ ಇಲ್ಲ. ನನ್ನ ಗಂಡನಿಗೆ ಅದೇ ಇಷ್ಟ, ನನಗೆ ಅಲ್ಲ.

ಅಧಿಕೃತ ಲೀಗ್ ಅಂದಮೇಲೆ ಮಗುವಿನ ಹೆಸರು ಎಐಎಫ್‌ಎಫ್‌ನ ರಿಜಿಸ್ಟ್ರೇಷನ್ ವ್ಯವಸ್ಥೆಗೆ ಹೋಗುತ್ತದೆ. ಒಂದು ಕ್ಲಬ್ಬಿಗೆ ರಿಜಿಸ್ಟರ್ ಆದ ಮೇಲೆ ನಡುವೆ ಬೇರೆ ಕ್ಲಬ್ಬಿಗೆ ಹೋಗಬೇಕಾದರೆ ನಿಯಮ ಇರುತ್ತದೆ. ಸಹಿ ಹಾಕುವ ಮುಂಚೆ ಓದಿ. ಯಾರಾದರೂ "ಬರ್ತ್ ಸರ್ಟಿಫಿಕೇಟ್ ಒಂದು ವರ್ಷ ಅಡ್ಜಸ್ಟ್ ಮಾಡಿಸೋಣ" ಅಂದರೆ ಅಲ್ಲಿಂದ ಎದ್ದು ಬನ್ನಿ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆ ಇದೆ. ಸಿಕ್ಕಿಬೀಳುವುದು ಮಗು.

ಪರ್ಸನಲ್ ಕೋಚ್

ಈಗಿನ ಹೊಸ ಫ್ಯಾಷನ್ನು ಇದು. ಒಬ್ಬ ಕೋಚ್, ಒಂದು ಮಗು, ಒಂದು ಗಂಟೆ. ಚೆಂಡು ಕಾಲಿಗೆ ಸಿಗುವ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ. ಎಡಗಾಲು ಬಳಸುವುದೇ ಇಲ್ಲ, ಚೆಂಡು ಬಂದಾಗ ಪುಟಿದು ಹೋಗುತ್ತದೆ, ಗೋಲ್‌ಕೀಪರ್ ಆಗಬೇಕು, ಹೀಗೆ ಒಂದು ನಿರ್ದಿಷ್ಟ ಕೊರತೆ ಇದ್ದರೆ ಎರಡು ತಿಂಗಳ ಮಟ್ಟಿಗೆ ಇಟ್ಟುಕೊಳ್ಳಬಹುದು. ಗೋಲ್‌ಕೀಪರ್‌ಗಳಿಗಂತೂ ಇದು ಬಹಳ ಉಪಯೋಗ, ಗುಂಪಿನ ಕ್ಲಾಸುಗಳಲ್ಲಿ ಅವರನ್ನು ಕೇಳುವವರೇ ಇರುವುದಿಲ್ಲ.

ಆದರೆ ಫುಟ್‌ಬಾಲ್ ಒಬ್ಬರೇ ಆಡುವ ಆಟ ಅಲ್ವಲ್ಲ. ಎದುರಿಗೆ ಬರುವವನನ್ನು ನೋಡಿ ತಲೆ ಓಡಿಸುವುದನ್ನು ಕೋನು ಕಲಿಸುವುದಿಲ್ಲ. ಲೆಕ್ಕ ಹಾಕಿ: ಗುಂಪಿನ ಕ್ಲಾಸಿಗೆ ತಿಂಗಳಿಗೆ 3,000 ಕೊಟ್ಟು 12 ಗಂಟೆ ಆಡಿದರೆ ಗಂಟೆಗೆ 250. ಪರ್ಸನಲ್ ಕೋಚ್ ಗಂಟೆಗೆ 1,000 ಅಂದರೆ ಅದೇ ದುಡ್ಡಿಗೆ ಮೂರು ಗಂಟೆ. ಆ ಒಂದು ಗಂಟೆ ನಾಲ್ಕು ಗಂಟೆಯ ಕೆಲಸ ಮಾಡಬೇಕು. ಮಾಡುತ್ತದಾ? ಮೊದಲ ಕೆಲವು ವಾರ ಮಾಡುತ್ತದೆ, ಆಮೇಲೆ ಕಮ್ಮಿ. ನಾವು ಕಂಡುಕೊಂಡ ಉಪಾಯ, ಮೂರು ಮಕ್ಕಳು ಸೇರಿ ಒಬ್ಬ ಕೋಚ್. ಖರ್ಚು ಮೂರು ಪಾಲು, ಪಾಸ್ ಕೊಡಲು ಜನ, ಎದುರಿಸಲು ಒಬ್ಬ. ಕೋಚ್ ಯಾರೇ ಆಗಲಿ, ಮಗುವಿಗೆ ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲೇ ಕಲಿಸಲಿ.

ಫುಟ್ಸಾಲ್, ಸಮ್ಮರ್ ಕ್ಯಾಂಪ್, ಆ್ಯಪ್

ಫುಟ್ಸಾಲ್ ಬಗ್ಗೆ ನನಗೆ ಪಕ್ಷಪಾತ ಇದೆ. ಐದೈದು ಜನ, ಗಟ್ಟಿ ನೆಲ, ಕಮ್ಮಿ ಪುಟಿಯುವ ಚೆಂಡು. ಜಾಗ ಚಿಕ್ಕದಾದ್ದರಿಂದ ಬೇಗ ಯೋಚಿಸಲೇಬೇಕು. ಒಳಾಂಗಣ ಇದ್ದರೆ ಮಳೆಗೂ ಹೆದರಬೇಕಿಲ್ಲ. ಆದರೆ ಟರ್ಫಿನ ಮೇಲೆ ಐದು ಜನರನ್ನು ಆಡಿಸಿ ಅದಕ್ಕೇ ಫುಟ್ಸಾಲ್ ಅಂತ ಹೆಸರಿಡುವವರು ಇಲ್ಲಿ ಜಾಸ್ತಿ. ಚೆಂಡನ್ನು ಒಂದು ಸಲ ಪುಟಿಸಿ ನೋಡಿ, ಗೊತ್ತಾಗುತ್ತದೆ.

ಸಮ್ಮರ್ ಕ್ಯಾಂಪ್ ಅನ್ನುವುದು ಮಗುವಿಗೆ ಆಟ ಇಷ್ಟವಾ ಅಂತ ನೋಡಲು ಮಾತ್ರ. ಆಗಲೇ ಆಡುತ್ತಿರುವ ಮಗುವಿಗೆ ಅದರಿಂದ ಹೊಸದೇನೂ ಸಿಗುವುದಿಲ್ಲ. ಹನ್ನೆರಡರ ಒಳಗಿನವರಿಗೆ ಸ್ಪೀಡ್ ಟ್ರೈನಿಂಗ್, ಜಿಮ್ ಪ್ಯಾಕೇಜ್ ಅಂತ ಮಾರುವವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ. ಆ ವಯಸ್ಸಿಗೆ ಕುಂಟೆಬಿಲ್ಲೆ, ಹಗ್ಗದಾಟ, ಮುಟ್ಟಾಟ ಇದ್ದರೆ ಅದೇ ಸ್ಪೀಡ್ ಟ್ರೈನಿಂಗ್.

ಇನ್ನು ಆ್ಯಪ್, ಯೂಟ್ಯೂಬ್ ಪಾಠ. ಇವುಗಳ ಜೊತೆಗೆ ಒಂದು ಗೋಡೆ ಬೇಕು. ದಿನಾ ಹದಿನೈದು ನಿಮಿಷ ಗೋಡೆಗೆ ಒದ್ದು ವಾಪಸ್ ಬಂದ ಚೆಂಡನ್ನು ಬಲಗಾಲು, ಎಡಗಾಲು ಎರಡರಲ್ಲೂ ನಿಲ್ಲಿಸಿದರೆ ವಾರಕ್ಕೆ ನೂರಾರು ಸಲ ಚೆಂಡು ಕಾಲಿಗೆ ಬಂದ ಹಾಗಾಯಿತು. ಖರ್ಚು ಒಂದು ಚೆಂಡಿನದು. ನಮ್ಮ ಪಕ್ಕದ ಬ್ಲಾಕಿನ ಆಂಟಿ ಎರಡು ಸಲ ಸೆಕ್ಯುರಿಟಿಗೆ ಕಂಪ್ಲೇಂಟ್ ಕೊಟ್ಟರು. ಈಗ ಸಂಜೆ ಆರೂವರೆ ಒಳಗೆ ಅಂತ ಒಪ್ಪಂದ.

ಹೆಣ್ಣುಮಕ್ಕಳಿದ್ದರೆ

ಹತ್ತರ ತನಕ ಹುಡುಗರ ಜೊತೆಗೇ ಆಡಲಿ, ತೊಂದರೆ ಇಲ್ಲ, ಲಾಭವೇ. ಆಮೇಲೆ ಹುಡುಗಿಯರದೇ ಬ್ಯಾಚ್ ಇರುವ ಕಡೆ ಹುಡುಕಿ. ಒಬ್ಬಳೇ ಹುಡುಗಿ ಇರುವ ಬ್ಯಾಚಿನಲ್ಲಿ ಪಾಸ್ ಬರುವುದಿಲ್ಲ, ಇದನ್ನೂ ಎಣಿಸಬಹುದು. ನಮ್ಮೂರಿನ ಕಿಕ್‌ಸ್ಟಾರ್ಟ್ ಎಫ್‌ಸಿಯ ಹೆಂಗಸರ ತಂಡ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಆಡಿತು. ದಾರಿ ಇದೆ ಅಂತ ಮಗಳಿಗೆ ತೋರಿಸಲು ಅಷ್ಟು ಸಾಕು. ಬಟ್ಟೆ ಬದಲಿಸಲು ಜಾಗ, ಶೌಚಾಲಯ, ಒಬ್ಬರಾದರೂ ಹೆಂಗಸು ಕೋಚ್ ಅಥವಾ ಸಿಬ್ಬಂದಿ ಇದ್ದಾರಾ ನೋಡಿ. ಇವು ಇಲ್ಲದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ನಾನು ಸೇರಿಸುವುದಿಲ್ಲ.

ನಾನಾಗಿದ್ದರೆ

ಎಂಟು ವರ್ಷ, ತಿಂಗಳಿಗೆ ಸಾವಿರದ ಒಳಗೆ ಮುಗಿಯಬೇಕು: ಗೋಡೆ, ಚೆಂಡು, ಪಾರ್ಕಿನಲ್ಲಿ ವಾರಕ್ಕೆ ಎರಡು ದಿನ ಗೆಳೆಯರ ಆಟ. ನಾಲ್ಕು ಮನೆಯವರು ಸೇರಿ ಶನಿವಾರ ಒಂದು ಗಂಟೆ ಟರ್ಫ್ ಬಾಡಿಗೆಗೆ ಹಿಡಿದು ಮಕ್ಕಳನ್ನು ಸುಮ್ನೆ ಆಡಲು ಬಿಡಿ. ಕೋಚೇ ಬೇಡ.

ಹತ್ತು ವರ್ಷ, ಶಾಲೆಯಲ್ಲಿ ಒಳ್ಳೆಯ ಕೋಚ್ ಇದ್ದಾರೆ, ಮ್ಯಾಚ್ ಇಲ್ಲ: ಲೋಕಲ್ ಕ್ಲಬ್. ಇನ್ನೊಂದು ಅಕಾಡೆಮಿ ಬೇಡ.

ಹನ್ನೆರಡು, ನಿಜವಾಗಲೂ ಮುಂದೆ ಹೋಗುವ ಆಸೆ: ಹತ್ತಿರದ ಕ್ಲಬ್ ಸೆಂಟರು ವಾರಕ್ಕೆ ಮೂರು ದಿನ, ಶಾಲೆಯ ಪ್ರಾಕ್ಟೀಸನ್ನು ಅಷ್ಟು ಕಮ್ಮಿ ಮಾಡಿ. ಎರಡೂ ಪೂರ್ತಿ ಇಟ್ಟರೆ ಹಿಮ್ಮಡಿ ಲೆಕ್ಕ ಕೇಳುತ್ತದೆ. ಶಾಲೆಯ ಪಿಟಿ ಸರ್ ಜೊತೆ ಮೊದಲೇ ಮಾತಾಡಿ. ಸುಬ್ರೋತೋ ಕಪ್‌ನಂಥ ಶಾಲಾ ಟೂರ್ನಿಗೆ ಹೋಗುವುದು ಶಾಲೆಯ ತಂಡ, ಸರ್ ಮುನಿಸಿಕೊಳ್ಳುವ ಹಾಗೆ ಮಾಡಬೇಡಿ.

ಯಾವುದೇ ಆದರೂ ಮೊದಲು ಒಂದೇ ತಿಂಗಳ ಫೀಸು ಕಟ್ಟಿ. ಮೂರು ತಿಂಗಳಿಗೆ ಡಿಸ್ಕೌಂಟ್ ಅಂದರೆ ನನ್ನ ಹೆಬ್ಬಾಳದ ಕಥೆ ನೆನಪಿಸಿಕೊಳ್ಳಿ. ಟ್ರಯಲ್ ಕ್ಲಾಸ್ ಮುಗಿಸಿ ಬರುವಾಗ "ಹೇಗಿತ್ತು?" ಅಂತ ಕೇಳಬೇಡಿ, "ಚೆನ್ನಾಗಿತ್ತು" ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಯಾರ ಹೆಸರು ಗೊತ್ತಾಯ್ತು? ಇವತ್ತು ಎಷ್ಟು ಗೋಲು?" ಅಂತ ಕೇಳಿ. ಮೇ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮೂರಿನ ಮಳೆ ಸಂಜೆ ಐದಕ್ಕೆ ಸರಿಯಾಗಿ ಬರುತ್ತದೆ. ಆ ದಿನದ ಕ್ಲಾಸು ಇನ್ನೊಂದು ದಿನಕ್ಕೆ ಸಿಗುತ್ತದಾ, ಇಲ್ಲಾ ನೀರಿನ ಜೊತೆ ಹರಿದು ಹೋಗುತ್ತದಾ ಅನ್ನುವುದನ್ನು ಫೀಸು ಕಟ್ಟುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.